ಹದಿನಾಲ್ಕನೆಯ ಪ್ರಶ್ನೆ

ಕೌನ್ಸೆಲರ್ ಮಿಸ್ ಹಂಚಿದ ಹಾಳೆಯಲ್ಲಿ
ಹೆಸರು ಬರೆಯುವಂತಿಲ್ಲ.
ಒತ್ತಡವಾದಾಗ ನೀನು ಏನು ಮಾಡುತ್ತೀ?
ಯಾವಾಗಲೂ, ಕೆಲವೊಮ್ಮೆ, ಎಂದೂ ಇಲ್ಲ.
ಸಾಲಿಗೆ ಮೂರು ಚೌಕ.

ಹಾಡು ಕೇಳುತ್ತೇನೆ: ಕೆಲವೊಮ್ಮೆ.
ಗೆಳತಿಯ ಹತ್ತಿರ ಹೇಳಿಕೊಳ್ಳುತ್ತೇನೆ:
ಪಕ್ಕದಲ್ಲೇ ಕೂತ ನೌರೀನ್
ರೆಪ್ಪೆಗೂದಲು ಒಂದೊಂದೇ ಕಿತ್ತು
ಕೆಮಿಸ್ಟ್ರಿ ಪುಸ್ತಕದ ನಡುವೆ ಇಡುತ್ತಾಳೆ.
ಅವಳಿಗೆ ನಾನು ಏನು ಹೇಳಲಿ?
ಎಂದೂ ಇಲ್ಲ.

ಲಿಫ್ಟಿನಲ್ಲಿ ಹತ್ತಿ ಇಳಿಯುತ್ತೇನೆ
ಎಂಬುದಕ್ಕೆ ಇಲ್ಲಿ ಚೌಕವಿಲ್ಲ.

ಶಾರ್ಜಾ, ಅಲ್ ನಹ್ದಾ, ಹತ್ತೊಂಬತ್ತು ಮಹಡಿ,
ಕಾರುಗಳಿಗೇ ನಾಲ್ಕು.
ರಾತ್ರಿ ಒಂಬತ್ತಕ್ಕೆ ಕಸದ ಚೀಲ ಹಿಡಿದು ಹೊರಡುತ್ತೇನೆ.
ಕಸದ ಕೋಣೆ ನಮ್ಮ ಬಾಗಿಲಿಂದ ಆರೇ ಹೆಜ್ಜೆ.
ಏಳನೆಯ ಹೆಜ್ಜೆ ಲಿಫ್ಟಿನೊಳಗೆ.

ಯಾರದೋ ಊದಿನ ವಾಸನೆ, ಯಾರದೋ ಮೀನುಸಾರಿನದು,
ಹೆಲ್ಮೆಟ್ ತೆಗೆಯದೆಯೇ ನಿಂತ ಡೆಲಿವರಿ ಹುಡುಗನ ಬೆವರು.
ಮೇಲೇರುವಾಗ ಹೊಟ್ಟೆ ತುಸು ಹಿಂದುಳಿಯುತ್ತದಲ್ಲ,
ಅಷ್ಟು ಹೊತ್ತು
ನಾನು ಯಾರ ಮಗಳೂ ಅಲ್ಲ,
ಯಾರ ಕನಸಿನ ಡಾಕ್ಟರೂ ಅಲ್ಲ.

'ಕಸ ಹಾಕುಕೆ ಇಷ್ಟೊತ್ತು ಬೇಕಾ ಮಾರಾಯ್ತಿ?'

ಅಮ್ಮನಿಗೆ ಸುಳ್ಳು ಹೇಳಿ ಮೇಜಿಗೆ ಬಂದರೆ
ಶುರುವಾಗುತ್ತದೆ ಲೆಕ್ಕ.
ಶಾಜಿ ಸರ್ ಟ್ಯೂಷನ್ನಿಗೆ ಗಂಟೆಗೆ ಐವತ್ತು ದಿರ್ಹಮ್.
ಅರ್ಧ ಗಂಟೆ ಲಿಫ್ಟು ಎಂದರೆ ಇಪ್ಪತ್ತೈದು.
ತಮ್ಮನ ಫುಟ್‌ಬಾಲ್ ಕ್ಲಾಸು ನಿಲ್ಲಿಸಿದ್ದು,
ಹಾಲಿನ ಏಸಿ ಆರಿಸಿ ಅಮ್ಮ ಹಾಸಿಗೆ ಹಿಡಿದು
ಅಡುಗೆಮನೆ ಬಾಗಿಲ ಗಾಳಿಗೆ ಹೋದದ್ದು,
ಎಲ್ಲ ಕೂಡಿಸುತ್ತೇನೆ. ಗಣಿತದಲ್ಲಿ ಹಿಂದಂತೆ ನಾನು.
ಈ ಲೆಕ್ಕ ಮಾತ್ರ ಒಂದು ದಿನವೂ ತಪ್ಪಿಲ್ಲ.

ತಪ್ಪು ತೀರಿಸಲು ಪಾತ್ರೆ ತೊಳೆಯುತ್ತೇನೆ,
ಅಪ್ಪಯ್ಯನ ಅಂಗಿಗೆ ಇಸ್ತ್ರಿ ಹಾಕುತ್ತೇನೆ,
ಎರಡು ಗಂಟೆಯ ತನಕ ಓದುತ್ತೇನೆ, ಒಂದೇ ಪುಟ.
ಬೆಳಿಗ್ಗೆ ಟೆಸ್ಟಿನಲ್ಲಿ ನಿದ್ದೆ.
ಸಂಜೆ ಮಾರ್ಕು.
ರಾತ್ರಿ ಮತ್ತೆ ಕಸದ ಚೀಲ.

ಹೋದ ಮಂಗಳವಾರ
ಪಾರ್ಕಿಂಗಿನ ಮೂರನೆಯ ಮಹಡಿಯಲ್ಲಿ ಬಾಗಿಲು ತೆರೆಯಿತು.
ಯಾರೂ ಇಲ್ಲ. ಒತ್ತಿದವರು ಪಕ್ಕದ ಲಿಫ್ಟು ಹಿಡಿದಿರಬೇಕು.
ಕಂಬದಾಚೆ ನಮ್ಮ ಬಿಳಿ ಕಾರು, ಇಂಜಿನ್ ನಡೆಯುತ್ತಿತ್ತು.
'ಇನ್ನೂ ಸಿಗ್ನಲಿನಲ್ಲಿದ್ದೇನೆ' ಎಂದು
ಎಂಟೂಕಾಲಿಗೆ ಮೆಸೇಜು ಹಾಕಿದ ಅಪ್ಪಯ್ಯ
ಸೀಟು ಹಿಂದಕ್ಕೆ ಚಾಚಿ
ಪರೋಟದಲ್ಲಿ ಸುತ್ತಿದ ಒಮಾನ್ ಚಿಪ್ಸ್ ತಿನ್ನುತ್ತಿದ್ದ,
ಸಕ್ಕರೆ ಕಾಯಿಲೆಯ ಮನುಷ್ಯ,
ಮನೆಯಲ್ಲಿ ರಾಗಿರೊಟ್ಟಿ ಕಾಯುತ್ತಿರುವವನು.
ಕಾಗದವನ್ನು ಮಡಿಸಿದ. ಮತ್ತೆ ಮಡಿಸಿದ.
ಸಣ್ಣ ಚೌಕವಾದ ಮೇಲೆ ಸೀಟಿನಡಿ ತುರುಕಿದ.
ಕನ್ನಡಿಯಲ್ಲಿ ಮುಖ ನೋಡಿ ಒರೆಸಿಕೊಂಡ,
ಲಿಫ್ಟಿನ ಕನ್ನಡಿಯಲ್ಲಿ
ಮನೆಗೆ ಬರುವ ಮುಂಚೆ ನಾನು ಒರೆಸಿಕೊಳ್ಳುವ ಹಾಗೆಯೇ.

ಬಾಗಿಲು ತಾನೇ ಮುಚ್ಚಿತು.

ಇಪ್ಪತ್ತು ನಿಮಿಷದ ಮೇಲೆ ಬಂದ.
'ಎಂಥಾ ಟ್ರಾಫಿಕ್ಕು!'
'ಹೌದಾ ಅಪ್ಪಯ್ಯ?'
ನೀರು ಕೊಟ್ಟೆ. ಬೆರಳಿನಲ್ಲಿ ಖಾರದ ಕೆಂಪು ಇನ್ನೂ ಇತ್ತು.
ಎಲ್ಲಿ ನೋಡುವುದು ಎಂದು
ಇಬ್ಬರಿಗೂ ತಿಳಿಯಲಿಲ್ಲ.
ಅವನಿಗೂ ಇರಬಹುದೇ ಒಂದು ಲೆಕ್ಕ?
ಅದರಲ್ಲಿ ನಾನು ಎಷ್ಟು ದಿರ್ಹಮ್?

ಭಾನುವಾರ ಕಾರು ಒರೆಸುತ್ತೇನೆ ಎಂದೆ.
ಬೇಡ ಬೇಡ ಎಂದ. ಜೋರಾಗಿಯೇ.
ಆಮೇಲೆ, ಯಾಕೋ, ಬೀಗದ ಕೈ ಮೇಜಿನ ಮೇಲಿಟ್ಟು
ಸ್ನಾನಕ್ಕೆ ಹೋದ.

ಸೀಟಿನಡಿ ಹನ್ನೊಂದು ಕಾಗದದ ಚೌಕ.
ಒಂದನ್ನೂ ಬಿಡಿಸಲಿಲ್ಲ.
ಕಸದ ಚೀಲಕ್ಕೆ ಹಾಕಿದೆ. ಆರು ಹೆಜ್ಜೆ ನಡೆದೆ.
ಬಿಸಾಡಿದೆ. ವಾಪಸು ಬಂದೆ.
ಅಮ್ಮ ತಲೆಯೆತ್ತಿ ನೋಡಿದಳು:
'ಇಷ್ಟು ಬೇಗ?'

ಹದಿನಾಲ್ಕು: ಹೀಗೆ ಮಾಡಿದ ಮೇಲೆ
ನಿನಗೆ ತಪ್ಪಿತಸ್ಥ ಭಾವನೆ ಬರುತ್ತದೆಯೇ?
ಮಿಸ್ ಮೊದಲ ಬೆಂಚಿನಿಂದ ಹಾಳೆ ಸೇರಿಸುತ್ತಿದ್ದಾರೆ.
ನಡುವಿನ ಚೌಕದ ಮೇಲೆ
ನೌರೀನಳ ಒಂದು ರೆಪ್ಪೆಗೂದಲು ಬಿದ್ದಿದೆ.
ಊದಲು ಮನಸ್ಸಾಗುತ್ತಿಲ್ಲ.